ಕೈ ಇಳಿಸುವ ಹೊತ್ತು

ಕೋರ್ಟಿನ ಎದುರು ಅರ್ಜಿ ಟೈಪ್ ಮಾಡಿಕೊಡುವುದು ನನ್ನ ಕೆಲಸ. ವಿಜಯಪುರದಲ್ಲಿ ಜಗಳಗಳಿಗೇನೂ ಬರವಿಲ್ಲ, ಹಾಗಾಗಿ ನನ್ನ ಕುತ್ತಿಗೆಗೆ ಬಿಡುವಿಲ್ಲ. ಹೋದ ತಿಂಗಳು ಅದು ಬಲಕ್ಕೆ ತಿರುಗುವುದನ್ನೇ ಬಿಟ್ಟಿತು. ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿ ನೋಡಬೇಕು. ಮುಲಾಮು ತಿಕ್ಕಿದೆ, ಉಪ್ಪಿನ ಗಂಟು ಕಾಯಿಸಿ ಇಟ್ಟುಕೊಂಡೆ, ಕೊನೆಗೆ ಸಿಟ್ಟು ಬಂದು ಫಿಜಿಯೋಥೆರಪಿ ಡಾಕ್ಟರ ಹತ್ತಿರ ಹೋದೆ.

ಆಕೆ ಹೆಗಲು ಒತ್ತಿ ನೋಡಿ, "ಕಲ್ಲ ಆಗೇತಿ ನೋಡ್ರಿ. ಸ್ನಾಯು ಬಿಗಿ ಹಿಡದ ಇದ್ರ ಒಳಗಿನ ರಕ್ತನಾಳ ಒತ್ತತಾವ. ಸಡಿಲ ಬಿಟ್ರ ರಕ್ತ ಹರೀತೈತಿ. ಅರ್ಧ ತಾಸಿಗೊಮ್ಮೆ ಎದ್ದ ನಿಂತು ಕೈ ಜೋತುಬಿಡ್ರಿ" ಎಂದರು.

ನನಗೆ ತಿಕೋಟಾದ ದ್ರಾಕ್ಷಿ ಹಂದರ ಕಣ್ಣಿಗೆ ಕಟ್ಟಿತು.

ಆಗ ನಾನು ಆರನೆಯ ಇಯತ್ತೆ ಓದುತ್ತಿದ್ದೆ. ಅವ್ವ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುತ್ತಿದ್ದಳು, ರವಿವಾರ ನಾನೂ ಬೆನ್ನು ಹತ್ತುತ್ತಿದ್ದೆ. ಗೊಂಚಲಿನಲ್ಲಿ ಒತ್ತೊತ್ತಾಗಿ ಬೆಳೆದ ಕಾಯಿಗಳನ್ನು ಸಣ್ಣ ಕತ್ತರಿಯಿಂದ ಕತ್ತರಿಸಿ ಉಳಿದವಕ್ಕೆ ಜಾಗ ಮಾಡಿಕೊಡುವ ಕೆಲಸ. ಮುಂಜಾನೆಯಿಂದ ಸಂಜೆಯವರೆಗೆ ಮುಖ ಮೇಲೆ, ಎರಡೂ ಕೈ ತಲೆಯ ಮೇಲೆ. ಹಂದರದ ಕೆಳಗಿನ ಆ ತಂಪು, ಮಧ್ಯಾಹ್ನದ ರೊಟ್ಟಿ-ಶೇಂಗಾ ಹಿಂಡಿ, ಹೆಂಗಸರ ಚೇಷ್ಟೆಯ ಮಾತು, ಎಲ್ಲ ಈಗಲೂ ಬೇಕೆನಿಸುತ್ತದೆ. ಒಂದು ಮಾತು ಬಿಟ್ಟು.

ಅವ್ವನಿಗೊಂದು ರೂಢಿಯಿತ್ತು. ಒಂದು ಸಾಲು ಮುಗಿದ ಕೂಡಲೇ ಕತ್ತರಿ ಸೊಂಟಕ್ಕೆ ಸಿಕ್ಕಿಸಿ ಎರಡೂ ಕೈ ಕೆಳಗೆ ಬಿಟ್ಟು ನಿಲ್ಲುತ್ತಿದ್ದಳು. "ಕೈಯಾಗ ರಕ್ತ ಇಳೀಲಿ ತಡೀರೆವ್ವಾ" ಎನ್ನುತ್ತಿದ್ದಳು. ಉಳಿದವರು ಮುಂದಿನ ಸಾಲಿಗೆ ಹೋಗಿರುತ್ತಿದ್ದರು. ಒಂದು ದಿನ ಕೆಲಸ ನೋಡಿಕೊಳ್ಳುವ ಮುಕಾದಮ, "ಏನ ಬೇ, ಕಾಯಿ ಹಣ್ಣಾಗೂ ತನಕಾ ಹಿಂಗ ನಿಂದರತಿಯೇನು?" ಎಂದ. ಹೆಂಗಸರು ಬಿದ್ದು ಬಿದ್ದು ನಕ್ಕರು. ಯಾರೋ ಮೈಗಳ್ಳಿ ಅಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಮನೆಗೆ ಹೋಗುವ ದಾರಿಯಲ್ಲಿ ಹೇಳಿಯೇಬಿಟ್ಟೆ: "ಯವ್ವಾ, ಇನ್ನ ಮ್ಯಾಲ ನೀ ಕೈ ಇಳಸಬ್ಯಾಡ. ಎಲ್ಲಾರೂ ನಗತಾರ. ನನಗ ನಾಚಿಕಿ ಬರ್ತೈತಿ."

"ಆತು ಬಿಡವ್ವ" ಎಂದಳು, ಅಷ್ಟೇ. ಮುಂದಿನ ರವಿವಾರದಿಂದ ಆಕೆ ಕೈ ಇಳಿಸಲಿಲ್ಲ. ನಾನು ಖುಷಿಯಾಗಿದ್ದೆ.

ಅವ್ವ ಈಗ ಬಬಲೇಶ್ವರದಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಆಕೆಯ ಬಲಗೈ ಕಿವಿಯಿಂದ ಮೇಲೆ ಏಳುವುದಿಲ್ಲ. ತನ್ನ ತಲೆ ತಾನು ಬಾಚಿಕೊಳ್ಳಲಾರಳು. ವಯಸ್ಸಿನ ದೋಷವೂ ಇರಬಹುದು, ಆದರೆ ನನ್ನ ಮನಸ್ಸು ಅದನ್ನು ಒಪ್ಪುವುದಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಡಾಕ್ಟರ ಮಾತು ಕೇಳಿದ ಮರುದಿನವೇ ಅಂಗಡಿಗೆ ಕೀಲಿ ಹಾಕಿ ಬಸ್ಸು ಹತ್ತಿದೆ. ತಪ್ಪಾಯಿತು ಎಂದು ಹೇಳಲೇಬೇಕಿತ್ತು.

ಅಣ್ಣನ ಮನೆ ಮುಟ್ಟಿದವಳೇ ಅವ್ವನಿಗೆ ಎಣ್ಣೆ ಹಚ್ಚಿ, ಹಿಂದೆ ಕುಳಿತು ಅವಳ ತಲೆ ಬಾಚತೊಡಗಿದೆ. ಮುಖ ಕಾಣದಿದ್ದಾಗ ಧೈರ್ಯ ಬಂತು.

"ಯವ್ವಾ, ತ್ವಾಟದಾಗ ಕೈ ಇಳಸಬ್ಯಾಡ ಅಂದಿದ್ನೆಲ್ಲ, ಹಂಗ ಅನ್ನಬಾರದಿತ್ತು. ನೀ ಮಾಡ್ತಿದ್ದದ್ದ ಖರೆ ಇತ್ತು. ಡಾಕ್ಟ್ರೂ ಅದನ್ನ ಹೇಳ್ಯಾರ."

ಅವ್ವ ತಿರುಗಲಿಲ್ಲ. "ಖರೆ ಅನ್ನೂದು ನನಗ ಆವಾಗನೂ ಗೊತ್ತಿತ್ತು. ಕೈ ಸಿಡೀತಿದ್ದವು. ಆದ್ರ ಅವರು ನಕ್ಕಾಗ ನೀ ತಲಿ ತಗ್ಗಿಸಿ ನಿಂತಿದ್ದೆಲ್ಲ, ಅದನ್ನ ನೋಡಾಕ ಆಗಲಿಲ್ಲ ನನಗ."

ಹಣಿಗೆ ನನ್ನ ಕೈಯಲ್ಲೇ ನಿಂತಿತು. ಕಣ್ಣು ತುಂಬಿ ಹೆಳಲಿನ ಎಳೆಗಳು ಕಾಣದಾದವು.

"ಯಾಕ, ಹೆಗಲ ನೋಯಾಕತ್ತೇತೇನು?" ಎಂದಳು ಅವ್ವ. "ಕೈ ಇಳಸ ಬೇ. ಇಲ್ಲಿ ಯಾರೂ ನಗೂದಿಲ್ಲ."