ಗುದ್ದಣ್ಣನ ಮೂರನೆಯ ಬೋಗಿ

ಗಿರಾಕಿ ಹಾಳುಮಾಡುವ ಮೊದಲು ತಾನೇ ಹಾಳುಮಾಡಿ ನೋಡುವುದು ಗುದ್ದಣ್ಣನ ವ್ಯಾಪಾರಧರ್ಮ. ಅವನು ಕಟ್ಟುತ್ತಿದ್ದುದು ತೋಟದಲ್ಲಿ ಓಡುವ ಪುಟ್ಟ ರೈಲಿನ ಬೋಗಿಗಳನ್ನು. ಹಳಿಗಳ ನಡುವೆ ಒಂದೇ ಗೇಣು. ಆಚೆಗೊಂದು ಈಚೆಗೊಂದು ಕಾಲು ಹಾಕಿ ಆರು ಮಕ್ಕಳು ಸಾಲಾಗಿ ಕೂರಬಹುದು. ನೋಡಿದವರಿಗೆ ಆಟದ ಸಾಮಾನು, ಷೆಡ್ಡಿನೊಳಗೆ ಇಣುಕಿದವರಿಗೆ ಕಸಾಯಿಖಾನೆ. ಹೊಸ ಚೌಕಟ್ಟನ್ನು ಸರಪಳಿಯಲ್ಲಿ ಆಳೆತ್ತರ ಎತ್ತಿ ಸಿಮೆಂಟಿನ ನೆಲಕ್ಕೆ ಧೊಪ್ಪನೆ ಕೆಡವುತ್ತಿದ್ದ. ಆಮೇಲೆ ನಾಲ್ಕು ಕಿಲೋ ಸುತ್ತಿಗೆ ಹಿಡಿದು ಒಂದೊಂದು ಬೆಸುಗೆಗೂ ಬಾರಿಸುತ್ತಿದ್ದ. ಟಣ್ ಎಂದರೆ ಪಾಸು. ಡಬ್ ಎಂದರೆ ಮತ್ತೆ ಗರಗಸದ ಬಾಯಿಗೆ.

ಈ ಗುದ್ದಾಟಕ್ಕೆ ಹೆಂಡತಿಯ ಪರವಾನಗಿ ಇತ್ತು. ಹಿಂದೆ ಕಾರ್ಖಾನೆಯಲ್ಲಿದ್ದಾಗ, ಸೀಳುಬಿಟ್ಟ ಗಾಲಿಯನ್ನು 'ನಡೆಯುತ್ತೆ ಬಿಡು' ಎಂದ ಮೇಸ್ತ್ರಿಯ ದವಡೆಯನ್ನು ಅವನು ಎರಡು ಕಡೆ ಮುರಿದಿದ್ದ. ಕೆಲಸ ಹೋಯಿತು, ಹೆಸರು ಉಳಿಯಿತು. ಅಂದೇ ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ ಹೇಳಿದ್ದಳು:

"ಕಬ್ಬಿಣಕ್ಕೆ ಎಷ್ಟು ಬೇಕಾದ್ರೂ ಹೊಡ್ಕೊಳ್ಳಿ. ಇನ್ನೊಂದು ಸಲ ಮನುಷ್ಯರ ಮೇಲೆ ಕೈ ಮಾಡಿದ್ರೆ ಷೆಡ್ಡಿಗೆ ಬೀಗ. ನಾನೇ ಹಾಕ್ತೀನಿ."

ಒಂಬತ್ತು ವರ್ಷ ಮಾತು ಮುರಿಯಲಿಲ್ಲ. ಹೊಡೆತವೆಲ್ಲ ಕಬ್ಬಿಣಕ್ಕೇ ಬಿತ್ತು.

ಹೆಂಡತಿಯ ತಮ್ಮ ಷೆಡ್ಡಿನಲ್ಲಿ ಬಣ್ಣ ಬಳಿಯುತ್ತಿದ್ದ, ಗಿರಾಕಿಗಳ ಜೊತೆ ಮಾತೂ ಅವನದೇ. ಎರಡೂ ನುಣ್ಣಗೆ. ತೋಟದ ಯಜಮಾನನಿಗೆ ಭಾನುವಾರಕ್ಕೆ ಮೂರು ಬೋಗಿ ಕೊಡುತ್ತೇವೆಂದು ಮಾತು ಕೊಟ್ಟಿದ್ದವನೂ ಅವನೇ. ಶುಕ್ರವಾರ ಮೂರನೆಯ ಚೌಕಟ್ಟು ನೆಲಕ್ಕೆ ಬಿದ್ದೊಡನೆ ನಡು ಬಿರಿಯಿತು.

"ಎರಡೇ ಹೋಗುತ್ತೆ," ಎಂದು ಹೇಳಿ ಗುದ್ದಣ್ಣ ಬೇರಿಂಗ್ ತರಲು ಪೇಟೆಗೆ ಹೊರಟ.

ಶನಿವಾರ ಬೆಳಿಗ್ಗೆ ನೋಡಿದರೆ ಮೂರೂ ಬೋಗಿಗಳು ಹಸಿರು ಬಣ್ಣದಲ್ಲಿ, ಹೆಂಡತಿ ಹೊಲಿದ ಮೆತ್ತೆ ಹೊದ್ದು, ಹಿತ್ತಲಿನ ಹಳಿಯ ಮೇಲೆ ಮದುವಣಗಿತ್ತಿಯರಂತೆ ನಿಂತಿವೆ. ಆ ಹಳಿ ನಲವತ್ತಡಿಯ ಇಳಿಜಾರು, ಕೊನೆಯಲ್ಲಿ ಮರಳಿನ ಮೂಟೆಗಳು. ಗುದ್ದಣ್ಣ ಸುತ್ತಿಗೆ ತಟ್ಟಿದ. ಟಣ್. ಟಣ್. ಮೂರನೆಯದು ಡಬ್ ಎಂದಿತು. ಉಗುರಿನಿಂದ ಕೆರೆದ. ಬಣ್ಣದಡಿ ಬಿರುಕು ಮುಚ್ಚಲು ಮೆತ್ತಿದ ಪುಟ್ಟಿ, ಪುಟ್ಟಿಯಡಿ ಸೀಳಿನ ಮೇಲೆ ಎಂಜಲು ಹಚ್ಚಿದಂತೆ ಒಂದು ತೆಳು ಬೆಸುಗೆ.

"ಯಾರೋ ಇದನ್ನ ಮಾಡಿದ್ದು?"

"ನಾನೇ ಭಾವ. ನಿಮ್ಮದು ವಿಪರೀತ ಅನುಮಾನ. ಮಕ್ಕಳು ಕೂರೋಕೆ ತಾನೆ, ಆನೆ ಕೂರುತ್ತಾ?"

"ಗಟ್ಟಿಯಾಗಿದೆಯಾ?"

"ಬಂಡೆ ಭಾವ, ಬಂಡೆ!"

"ಹಾಗಾದ್ರೆ ಕೂತ್ಕೋ."

ಮೈದುನ ಹಲ್ಲು ಕಿರಿದು, ರಾಜನಂತೆ ನಡುಮಧ್ಯೆ ಕೂತ. ಗುದ್ದಣ್ಣ ಬೂಟುಗಾಲಿಟ್ಟು ಬೋಗಿಯನ್ನು ಒದ್ದ.

ಇಪ್ಪತ್ತಡಿಯವರೆಗೆ ಬಂಡೆ ಚೆನ್ನಾಗಿಯೇ ಓಡಿತು. ಆಮೇಲೆ ನಡು ಲಟ್ಟೆಂದು ಮುರಿದು, ಮುರಿದ ತುದಿ ನೆಲಕ್ಕೆ ಕಚ್ಚಿತು. ಹಿಂಭಾಗ ಎಗರಿ ಮೈದುನನನ್ನು ತಲೆಕೆಳಗಾಗಿ ಹಳಿಯ ಮೇಲೆ ಬಡಿಯಿತು. ಎರಡು ಹಲ್ಲು ಜಲ್ಲಿಕಲ್ಲಿನ ನಡುವೆ ಬಿದ್ದವು. ಕೊರಳ ಪಕ್ಕದ ಮೂಳೆ ಮುರಿದು ಚರ್ಮದಡಿ ಗೂಟದಂತೆ ಎದ್ದಿತು. ಬಾಯಿ ತುಂಬ ರಕ್ತ.

ಗುದ್ದಣ್ಣ ನಾಲ್ಕೇ ಹೆಜ್ಜೆಯಲ್ಲಿ ಅವನ ಮೇಲಿದ್ದ. ಸುತ್ತಿಗೆ ತಲೆಯ ಮೇಲೆದ್ದಿತ್ತು. "ಆರು ಮಕ್ಕಳೋ! ಆರು ಮಕ್ಕಳು!"

"ರೀ!"

ಹಿತ್ತಲ ಬಾಗಿಲಲ್ಲಿ ಹೆಂಡತಿ, ಕೈಯಲ್ಲಿ ಬಟ್ಟೆ ಕತ್ತರಿ. ಸುತ್ತಿಗೆ ಇಳಿಯಿತು, ಮೈದುನನ ಕಿವಿಯಿಂದ ಒಂದು ಗೇಣು ದೂರದ ಹಳಿಗೆ. ಹಳಿ ಬಾಗಿತು.

"ನಾನು ಕೈ ಮುಟ್ಟಿಸಿಲ್ಲ ಕಣೇ," ಎಂದ ಗುದ್ದಣ್ಣ ಏದುಸಿರು ಬಿಡುತ್ತ.

"ಕಿಟಕಿಯಿಂದ ನೋಡ್ದೆ. ಕಾಲು ಯಾರದು, ಪಕ್ಕದ ಮನೆಯವರದಾ?"

ಅವಳು ಮುರಿದ ಚೌಕಟ್ಟಿನ ಬಳಿ ಕುಕ್ಕರಿಸಿ ಪುಟ್ಟಿಯನ್ನು ಕತ್ತರಿ ತುದಿಯಿಂದ ಕೆರೆದಳು. ತಮ್ಮನ ಕಡೆ ತಿರುಗಿದಳು. "ಎದ್ದೇಳೋ, ಆಸ್ಪತ್ರೆಗೆ ಹೋಗೋಣ. ಮೂಳೆ ಕೂಡಲಿ, ಆಮೇಲೆ ನಿನಗೆ ನನ್ನ ಕೈಯಲ್ಲಿ ಇದೆ."

"ಅಕ್ಕಾ," ಎಂದು ಅವನು ರಕ್ತ ಉಗುಳಿದ.

ಅವಳು ಅವನನ್ನು ಎಬ್ಬಿಸಿ ಗೋಡೆಗೆ ಒರಗಿಸಿ, ಹೊರಡುವ ಮೊದಲು ಗಂಡನ ಕೈಯಿಂದ ಸುತ್ತಿಗೆ ಕಿತ್ತುಕೊಂಡು ಉಳಿದೆರಡು ಬೋಗಿಗಳಿಗೆ ಬಾರಿಸತೊಡಗಿದಳು. ಒಂಬತ್ತು ವರ್ಷದ ಸಿಟ್ಟೆಲ್ಲ ತೋಳಿಗೆ ಬಂದಿತ್ತು. ಹಲಗೆ ಸಿಡಿಯಿತು, ಬಣ್ಣ ಹಾರಿತು, ಅವಳೇ ಹೊಲಿದ ಮೆತ್ತೆ ಹರಿದು ಹತ್ತಿ ಚೆಲ್ಲಿತು. ಬೆಸುಗೆಗಳು ಮಾತ್ರ ಟಣ್, ಟಣ್ ಎನ್ನುತ್ತಲೇ ಇದ್ದವು. ಹನ್ನೊಂದನೆಯ ಏಟಿಗೆ ಮುರಿದದ್ದು ಸುತ್ತಿಗೆಯ ಹಿಡಿ.

ಅವಳು ಅಂಗೈಯ ಗುಳ್ಳೆ ಒಡೆದುಕೊಂಡು ತಿರುಗಿದಾಗ, ಗಂಡ ತಲೆ ವಾರೆಮಾಡಿ ಆ ಸದ್ದನ್ನು ಆಲಿಸುತ್ತಿದ್ದ. ಮುಖದಲ್ಲಿ ನಾಚಿಕೆಗೆಟ್ಟ ಸಂತೋಷ.

"ಪಾಸಾ?" ಎಂದಳು.

"ಪಾಸು," ಎಂದ, ತಡೆಯಲಾರದೆ.

"ಹಲಗೆ ಬದಲಾಯಿಸಿ, ಮೆತ್ತೆ ನಾನು ಹೊಲೀತೀನಿ. ಇವೆರಡೂ ನಾಳೆ ತೋಟಕ್ಕೆ ಹೋಗ್ಲಿ. ಷೆಡ್ಡಿನ ಬೀಗ ಎಲ್ಲಿ?"

ಗುದ್ದಣ್ಣ ಒಳಗೆ ಹೋಗಿ ಬೀಗ ತಂದುಕೊಟ್ಟ. ಅವಳು ಜಡಿದಳು. ಕೀಲಿಕೈ ಸೆರಗಿಗೆ ಗಂಟು ಹಾಕಿಕೊಂಡಳು. ಆಮೇಲೆ ಹಿಡಿ ಹೋದ ಸುತ್ತಿಗೆಯ ತಲೆಯನ್ನು ನೆಲದಿಂದ ಎತ್ತಿ, ಬೀಗಕ್ಕೆ ಒಂದು ಸಲ ಬಲವಾಗಿ ಹೊಡೆದು, ಕಿವಿಗೊಟ್ಟು ಕೇಳಿದಳು.