ನನ್ನ ದೇಶ ನೀಲಗುಂದ

ಈರುಳ್ಳಿ ಕೀಳುವ ಕಾಲದಲ್ಲಿ ನಾನು ಮನುಷ್ಯರ ಹಾಗೆ ಇರುವುದಿಲ್ಲ. ಕಿತ್ತು ಹಾಕಿದ ಗಡ್ಡೆ ಹೊಲದಲ್ಲಿ ಒಣಗುತ್ತಾ ಬಿದ್ದಿರುತ್ತದೆ, ಮೇಲೆ ಮೋಡ ಅಡ್ಡಾಡುತ್ತಿರುತ್ತದೆ, ಕೆಳಗೆ ನಾನು ಅಡ್ಡಾಡುತ್ತಿರುತ್ತೇನೆ. ಒಂದು ಮಳೆ ಬಿದ್ದರೆ ಸಾಕು, ಗಡ್ಡೆ ಕೊಳೆತು ನಾರುತ್ತದೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ನನ್ನ ಅತ್ತೆ ಆಡಿಕೊಳ್ಳುತ್ತಾರೆ. ಗಂಡ ತೀರಿಕೊಂಡ ಮೇಲೆ ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ರಸ್ತೆಯ ಪಕ್ಕದ ಈ ಹೊಲವನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಅವರು ಕೂತಲ್ಲಿಂದ ಏಳುವುದಿಲ್ಲ, ನಾನು ಕೂರುವುದಿಲ್ಲ. ಹಾಗಾಗಿ ಜಗಳವಾಡಲು ಪುರುಸೊತ್ತು ಸಿಗದೆ ಸಂಸಾರ ಚೆನ್ನಾಗಿ ನಡೆದಿದೆ.

ಮಳೆಗಿಂತ ದೊಡ್ಡ ಚಿಂತೆ ಆಳಿನದು. ನಮ್ಮ ಕಡೆಯವರು ಗುಳೆ ಹೋಗುವುದು ಹೊಸದೇನಲ್ಲ. ಕೂಡ್ಲಿಗಿಯಿಂದ, ಹಡಗಲಿಯಿಂದ ಬಸ್ಸು ತುಂಬಿಕೊಂಡು ಕಾಫಿ ತೋಟಗಳಿಗೆ, ಮಂಗಳೂರಿಗೆ, ಗೋವಾಕ್ಕೆ ದುಡಿಯಲು ಹೋಗುತ್ತಾರೆ. ಉಳಿದವರನ್ನು ಬೆಳಕು ಹರಿಯುವ ಮುಂಚೆಯೇ ಟಂಟಂ ಗಾಡಿಗಳು ಬಂದು ಬೇರೆ ಊರಿನ ಹೊಲಗಳಿಗೆ ಹೇರಿಕೊಂಡು ಹೋಗುತ್ತವೆ. ಹಿಂದಿನ ಸಂಜೆಯೇ ಮನೆಮನೆಗೆ ಹೋಗಿ ಮದುವೆಗೆ ಕರೆದಂತೆ ಕರೆಯಬೇಕು. ಖಂಡಿತ ಬರುತ್ತೇವೆ ಎನ್ನುತ್ತಾರೆ. ಬೆಳಿಗ್ಗೆ ಹೋದರೆ ಬಾಗಿಲಿಗೆ ಬೀಗ. ನಾನು ಆ ಬೀಗಕ್ಕೇ ನಾಲ್ಕು ಬೈದು ಬರುತ್ತೇನೆ. ಬೈಯದಿದ್ದರೆ ನನಗೆ ಆ ದಿನದ ರೊಟ್ಟಿ ಇಳಿಯುವುದಿಲ್ಲ.

ಅಂಥ ಹೊತ್ತಿನಲ್ಲಿ ಸಿಕ್ಕವರು ಆ ಗಂಡ ಹೆಂಡತಿ. ಮೊದಲು ಹತ್ತಿರದ ಒಂದು ಕೋಳಿ ಫಾರಂನಲ್ಲಿದ್ದರು. ಅದು ಮುಚ್ಚಿಹೋದಾಗ ಕೆಲಸ ಕೇಳುತ್ತಾ ನನ್ನ ಹೊಲದ ಬದುವಿನ ಮೇಲೆ ಬಂದು ನಿಂತರು. ಪಂಪ್‌ಸೆಟ್ ಮನೆಯಲ್ಲಿ ಇರಲು ಜಾಗ ಕೊಟ್ಟೆ. ಗಂಡ ಸಣಕಲು ಆಳು, ಮಾತು ಕಡಿಮೆ. ಹೆಂಡತಿ ಅವನ ಪಾಲಿನ ಮಾತನ್ನೂ ತಾನೇ ಆಡುವವಳು. ಬಂಗಾಳದ ಕಡೆಯವರು ಎಂದರು. ಕಾರ್ಡು ತೋರಿಸಿದರು. ನಾನೇನು ತಹಶೀಲ್ದಾರಳೇ? ಕಾರ್ಡನ್ನು ತಿರುಗಿಸಿ ನೋಡಿ ವಾಪಸು ಕೊಟ್ಟೆ, ಮಾರನೆಯ ದಿನ ಅವರ ಕೆಲಸ ನೋಡಿದೆ. ನಮ್ಮ ಹೆಂಗಸರು ಒಂದು ಸಾಲು ಮುಗಿಸಿ ಸೊಂಟ ಹಿಡಿದುಕೊಂಡು ನಿಲ್ಲುವಷ್ಟರಲ್ಲಿ ಅವರು ಎರಡನೆಯ ಸಾಲಿನ ನಡುವೆ ಇರುತ್ತಿದ್ದರು. ಯಾವ ದೇವರಿಗೆ ಕೈಮುಗಿಯುತ್ತಾರೆ ಎಂದು ಕೂಡ ನಾನು ಕೇಳಲಿಲ್ಲ. ಅದು ದೊಡ್ಡ ಮನಸ್ಸಿನಿಂದಲ್ಲ, ಕೇಳಿದರೆ ಎಲ್ಲಿ ಎದ್ದು ಹೋಗುತ್ತಾರೋ ಎಂಬ ಭಯದಿಂದ. ಹೀಗೆ ಮೂರು ಬೆಳೆ ಬಂದು ಹೋದವು.

ಹೆಂಡತಿ ಇನ್ನೂ ಹುಡುಗಿ, ಕನ್ನಡವನ್ನು ಬಹಳ ಬೇಗ ಎತ್ತಿಕೊಂಡಳು. ಒಂದು ಮಧ್ಯಾಹ್ನ ಎಲ್ಲರೂ ಕೂತು ಈರುಳ್ಳಿ ಗಡ್ಡೆಯಿಂದ ತಪ್ಪಲು, ಅಂದರೆ ಎಲೆ, ಕೊಯ್ಯುತ್ತಿದ್ದಾಗ ನನ್ನನ್ನು ಇದ್ದಕ್ಕಿದ್ದಂತೆ, ಅಕ್ಕ, ನಿಮ್ಮ ದೇಶ ಯಾವುದು ಎಂದು ಕೇಳಿದಳು. ನನಗೆ ರೇಗಿತು. ಇಷ್ಟು ದಿನ ನನ್ನ ಅನ್ನ ಉಂಡು ಇದೆಂಥ ಪ್ರಶ್ನೆ ಎಂದೆ. ಅವಳು ಗಾಬರಿಯಾಗಿ, ಹಿಂದಿ ಕನ್ನಡ ಎರಡನ್ನೂ ಕಲಸಿ ಬಿಡಿಸಿ ಹೇಳಿದಳು. ಹುಟ್ಟಿದ್ದು ಎಲ್ಲಿ, ಅಪ್ಪ ಅಮ್ಮನ ಮನೆ ಎಲ್ಲಿ ಎಂದು ಕೇಳುತ್ತಿದ್ದಳು ಪಾಪ. ನೀಲಗುಂದ ಎಂದೆ. ಹಾಗಾದರೆ ನಿಮ್ಮ ದೇಶ ನೀಲಗುಂದ ಎಂದು ಅವಳು ಸಮಾಧಾನಪಟ್ಟುಕೊಂಡಳು. ಕೊಯ್ಯುತ್ತಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ಆ ಹಂಗಾಮು ಮುಗಿಯುವವರೆಗೆ ನನ್ನನ್ನು ನೀಲಗುಂದ ದೇಶದ ರಾಣಿ ಎಂದೇ ಕರೆದರು. ಅವರ ಮಾತಿನಲ್ಲಿ ಊರಿಗೇ ದೇಶ ಎನ್ನುತ್ತಾರೆ ಎಂಬುದು ನನಗೆ ತಿಳಿದದ್ದು ಹೀಗೆ.

ನಮ್ಮ ಹೊಲದಲ್ಲಿ ನಗೆಯಾದ ಮಾತು ರಸ್ತೆಯ ಚಹಾ ಅಂಗಡಿಯಲ್ಲಿ ಹಗೆಯಾಯಿತು. ಕಳೆದ ವರ್ಷ ದಸರೆಯ ಹತ್ತಿರ ಆ ಗಂಡ ಬೀಡಿ ತರಲು ಅಲ್ಲಿಗೆ ಹೋಗಿದ್ದಾನೆ. ಹಬ್ಬಕ್ಕೆ ಊರಿಗೆ ಹೋಗುವುದಿಲ್ಲವೇ ಎಂದು ಯಾರೋ ಕೇಳಿದ್ದಾರೆ. ಮಾತಾಡದವನು ಅಪರೂಪಕ್ಕೆ ಕನ್ನಡದಲ್ಲಿ ಬಾಯಿ ಬಿಟ್ಟಿದ್ದಾನೆ: ನಮ್ಮ ದೇಶ ಬಹಳ ದೂರ ಐತ್ರಿ. ಅಂಗಡಿಯಲ್ಲಿ ಕೂತವರೆಲ್ಲ ಆ ದಿನಗಳಲ್ಲಿ ಗಡಿ ದಾಟಿ ನುಸುಳಿ ಬಂದವರ ವಿಡಿಯೋಗಳನ್ನು ಮೊಬೈಲಿನಲ್ಲಿ ನೋಡಿ ನೋಡಿ ಕಣ್ಣು ಕೆಂಪು ಮಾಡಿಕೊಂಡಿದ್ದವರು. ಬೇರೆ ದೇಶದವನೆಂದು ಅವನ ಬಾಯಿಂದಲೇ ಬಂತಲ್ಲ ಎಂದರು. ಸಂಜೆಯಷ್ಟರಲ್ಲಿ ಆ ಮಾತಿಗೆ ರೆಕ್ಕೆಪುಕ್ಕ ಬಂದಿತ್ತು. ಎರಡು ದಿನ ಕಳೆದು ಹೊಲದ ಬದುವಿಗೆ ಜೀಪು ಬಂತು.

ಅವನನ್ನು ಹತ್ತಿಸಿಕೊಂಡು ಹೋದರು. ಮಹಿಳಾ ಪೊಲೀಸರು ಇಲ್ಲದ ಕಾರಣ ಅವಳನ್ನು ಬಿಟ್ಟರು, ಆಮೇಲೆ ಕರೆಸುತ್ತೇವೆ ಎಂದರು. ಅವಳು ಕುಡುಗೋಲು ಹಿಡಿದುಕೊಂಡೇ ನಿಂತಿದ್ದಳು, ಅಳಲಿಲ್ಲ. ಉಳಿದ ಹೆಂಗಸರು ಅವಳಿಂದ ಒಂದು ಮಾರು ದೂರ ಸರಿದು ಕೂತರು. ನಿನ್ನೆಯವರೆಗೆ ಅವಳ ಎಲೆ ಅಡಿಕೆ ಚೀಲಕ್ಕೆ ಕೈ ಹಾಕುತ್ತಿದ್ದವರೇ. ನನಗೆ ಮೈಯೆಲ್ಲ ಉರಿಯಿತು. ಅರ್ಧ ಉರಿ ಅವನಿಗಾಗಿ, ಇನ್ನರ್ಧ ನೆಲದ ಮೇಲೆ ಬಿದ್ದಿದ್ದ ಈರುಳ್ಳಿಗಾಗಿ. ಎರಡನ್ನೂ ಬೇರೆ ಬೇರೆ ಮಾಡಿ ಹೇಳಲು ಇವತ್ತಿಗೂ ನನಗೆ ಬರುವುದಿಲ್ಲ.

ಸೀರೆ ಕೂಡ ಬದಲಾಯಿಸದೆ ಬಸ್ಸು ಹತ್ತಿ ಠಾಣೆಗೆ ಹೋದೆ. ಸಾಹೇಬರು ಚಿಕ್ಕ ವಯಸ್ಸಿನವರು, ಕೆಟ್ಟವರಲ್ಲ. ಕುರ್ಚಿ ಕೊಟ್ಟರು, ನಾನು ಕೂರಲಿಲ್ಲ.

“ಸಾಹೇಬ್ರ, ಅವರ ಮಾತಿನಾಗ ದೇಶ ಅಂದ್ರ ಊರು. ಹಂಗ ನೋಡಿದ್ರ ನನ್ನ ದೇಶ ನೀಲಗುಂದ. ನನ್ನೂ ಒಳಗ ಹಾಕ್ರಿ.”

ಅವರು ನಕ್ಕರು. ಆದರೆ ನಗುವವರ ಕೈಯಲ್ಲಿ ಎಲ್ಲವೂ ಇರುವುದಿಲ್ಲ. ಕಾರ್ಡು ಯಾರು ಬೇಕಾದರೂ ಮಾಡಿಸಿಕೊಳ್ಳಬಹುದು, ಅದರಲ್ಲಿರುವ ವಿಳಾಸದ ಕಡೆಯ ಠಾಣೆಗೆ ಕೇಳಿದ್ದೇವೆ, ಅಲ್ಲಿಂದ ಉತ್ತರ ಬರಬೇಕು ಎಂದರು. ಅಲ್ಲಿಯವರೆಗೆ ಬಿಡಬೇಕಾದರೆ ಇಬ್ಬರಿಗೂ ಯಾರಾದರೂ ಜವಾಬ್ದಾರರಾಗಿ ಬರೆದುಕೊಡಬೇಕು, ಕರೆದಾಗ ಕರೆತರಬೇಕು, ಓಡಿಹೋದರೆ ಬರೆದುಕೊಟ್ಟವರ ಮೇಲೆ ಕೇಸು. ಅಲ್ಲಿಂದಲೇ ನನ್ನ ಮೈದುನನಿಗೆ ಫೋನು ಮಾಡಿದರೆ ಬೇಡವೇ ಬೇಡ ಎಂದ. ಗುರುತು ಪರಿಚಯ ಇಲ್ಲದವರಿಗಾಗಿ ಮನೆತನದ ಹೆಸರನ್ನು ಠಾಣೆಗೆ ಹತ್ತಿಸಬೇಡ ಎಂದ. ಬೇಡ ಎಂದರೆ ಮಾಡುವುದು ನನ್ನ ಹುಟ್ಟುಗುಣ. ಸಹಿ ಮಾಡಿದೆ. ಬರುವಾಗ ಬಸ್ಸಿನಲ್ಲಿ ಅವನು ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಕೂರಲಿಲ್ಲ, ಊರು ಬರುವವರೆಗೂ ಕಂಬಿ ಹಿಡಿದು ನಿಂತೇ ಬಂದ.

ಆಮೇಲಿನ ದಿನಗಳೆಲ್ಲ ಕಾಯುವುದರಲ್ಲೇ ಹೋದವು. ರಸ್ತೆಯಲ್ಲಿ ಯಾವ ಗಾಡಿ ಸದ್ದು ಮಾಡಿದರೂ ಮೂವರೂ ತಲೆ ಎತ್ತುತ್ತಿದ್ದೆವು. ಫೋನು ಬಡಿದುಕೊಂಡರೆ ಅವಳ ಕೈ ನಿಲ್ಲುತ್ತಿತ್ತು. ಅವನು ಮಾತ್ರ ಕೆಲಸದ ಮೇಲೆ ಸೇಡು ತೀರಿಸಿಕೊಳ್ಳುವವನಂತೆ ಕೊಯ್ಯುತ್ತಿದ್ದ, ತುಂಬುತ್ತಿದ್ದ, ಚೀಲ ಹೊಲಿಯುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಒಂದು ಸಂಜೆ ಅವರಿಬ್ಬರನ್ನೂ ಮನೆಗೆ ಊಟಕ್ಕೆ ಕರೆದು, ಅತ್ತೆಯ ಎದುರಿಗೇ ಕೇಳಿಬಿಟ್ಟೆ. ನಿಜ ಹೇಳು, ನೀನು ಗಡಿಯ ಈ ಕಡೆಯವನೋ, ಆ ಕಡೆಯವನೋ?

ಅವನು ಅವರ ಮಾತಿನಲ್ಲಿ ಹೇಳಿದ, ಅವಳು ನಮಗೆ ತಿಳಿಯುವ ಹಾಗೆ ಮಾಡಿದಳು. ಅವರ ಊರು ಇದ್ದದ್ದು ದೊಡ್ಡ ಹೊಳೆಯ ದಂಡೆಯಲ್ಲಿ. ಆ ಹೊಳೆಯೇ ಗಡಿ. ಹೊಳೆ ಮೊದಲು ಅವರ ಗದ್ದೆ ತಿಂದಿತು, ಆಮೇಲೆ ಶಾಲೆ, ಆಮೇಲೆ ಮನೆ. ಈ ಕಡೆ ತಿಂದ ಮಣ್ಣನ್ನು ಕೆಲವು ವರ್ಷ ಕಳೆದು ಆ ಕಡೆ ದಿಬ್ಬ ಮಾಡಿ ಎತ್ತಿತು. ನಮ್ಮದೇ ಮಣ್ಣು ಎಂದು ಕೆಲವರು ಅಲ್ಲಿಗೆ ಹೋಗಿ ಉತ್ತರು. ಅವನ ಅಪ್ಪನೂ ಹೋದ, ಅವನೂ ಚಿಕ್ಕವನಿದ್ದಾಗ ಆ ದಿಬ್ಬದ ಮೇಲೆ ದನ ಕಾದ. ಆಮೇಲೆ ಅದೂ ಮುಳುಗಿತು. ಕಾರ್ಡಿನಲ್ಲಿರುವುದು ಮೊದಲ ಊರಿನ ಹೆಸರು. ಈಗ ಅಲ್ಲಿ ನೀರಿದೆ. ತಾನು ಯಾವ ಕಡೆಯವನು ಎಂದು ಹೇಗೆ ಹೇಳಬೇಕೋ ತನಗೆ ಗೊತ್ತಿಲ್ಲ ಎಂದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಪೂರ್ತಿ ನಿಜವೋ, ಎಲ್ಲಾದರೂ ಒಂದು ಎಳೆ ಮುಚ್ಚಿಟ್ಟನೋ, ಹೇಳಲಾರೆ.

ಅತ್ತೆ ತಟ್ಟೆಯಲ್ಲಿದ್ದ ಕೈ ನಿಲ್ಲಿಸಿ ಕೇಳುತ್ತಿದ್ದರು. ಅವರ ತವರು ಹಗರಿಬೊಮ್ಮನಹಳ್ಳಿ ಕಡೆಯ ಒಂದು ಹಳ್ಳಿ. ತುಂಗಭದ್ರೆಗೆ ಅಣೆಕಟ್ಟು ಕಟ್ಟಿದಾಗ ಊರಿಗೆ ಊರೇ ಹಿನ್ನೀರಿನಲ್ಲಿ ಮುಳುಗಿತು. ಆಗ ಅವರು ಲಂಗ ಉಡುವ ಹುಡುಗಿ. ಇಷ್ಟು ವರ್ಷವಾದರೂ ಯಾರು ಕೇಳಿದರೂ ಆ ಮುಳುಗಿದ ಊರಿನ ಹೆಸರನ್ನೇ ಹೇಳುತ್ತಾರೆ.

“ಊರು ಮುಳುಗೋ ಮುಂದ ದೇವರನ್ನ ಎತ್ತಿಗೊಂಡು ಬಂದ್ರೋ, ಅಲ್ಲೇ ಬಿಟ್ಟು ಬಂದ್ರೋ?” ಎಂದು ಅವನನ್ನು ಕೇಳಿದರು.

ಅವಳು ಅವನಿಗೆ ಬಿಡಿಸಿ ಹೇಳಿದಳು. ಅಲ್ಲೇ ಎಂದ. ಅತ್ತೆ ಲೊಚಗುಟ್ಟಿದರು. ಇನ್ನೊಂದು ರೊಟ್ಟಿಯನ್ನು ತಮ್ಮ ಕೈಯಾರೆ ಅವನ ತಟ್ಟೆಗೆ ಹಾಕಿ, ನನ್ನ ಕಡೆ ತಿರುಗಿದರು.

“ನಮ್ಮನ್ನ ಯಾರೂ ಯಾವ ಕಡಿಯವ್ರು ಅಂತ ಕೇಳಲಿಲ್ಲವಾ. ಬಂಡ್ಯಾಗ ಸಾಮಾನು ಹೇರಿಗೊಂಡು ಬಂದ್ವಿ. ಇಲ್ಲಿ ಇರ್ರಿ ಅಂತ ಜಾಗ ತೋರಿಸಿದ್ರು.”

ಆ ಊಟವಾದ ಮೂರನೆಯ ದಿನ ಬೆಳಿಗ್ಗೆ ಸಾಹೇಬರ ಫೋನು ಬಂತು. ಉತ್ತರ ಬಂದಿದೆ, ಆ ಹೆಸರಿನ ಊರೇ ಈಗ ಇಲ್ಲವಂತೆ, ಇವನನ್ನು ಬಲ್ಲೆವು ಎನ್ನುವವರು ಯಾರೂ ಅಲ್ಲಿ ಸಿಗಲಿಲ್ಲವಂತೆ. ಇಬ್ಬರನ್ನೂ ಇವತ್ತೇ ಕರೆದುಕೊಂಡು ಬನ್ನಿ, ಸಂಜೆ ಮೇಲಿನವರ ಗಾಡಿ ಬರುತ್ತದೆ ಎಂದರು. ಗಾಡಿ ಎಲ್ಲಿಗೆ ಎಂದು ಕೇಳಿದೆ. ಅದು ನಮಗೂ ಹೇಳಿಲ್ಲ ಅಮ್ಮ ಎಂದರು. ಇಂಥವರನ್ನು ಗಡಿಯ ಹೊಳೆ ದಾಟಿಸಿ ಆ ಕಡೆ ಬಿಟ್ಟುಬಿಡುತ್ತಾರೆ ಎಂಬ ಸುದ್ದಿಯನ್ನು ಟಿವಿಯಲ್ಲಿ ನಾನೂ ನೋಡಿದ್ದೆ. ಅಲ್ಲಿ ಅವರಿಗೆ ಕೂಳು ಹಾಕುವವರು ಯಾರು?

ಹೊಲಕ್ಕೆ ಹೋಗುವ ದಾರಿಯಲ್ಲಿ ನಿರ್ಧಾರ ಮಾಡಿದೆ. ಓಡಿಹೋಗಿ ಎಂದು ಹೇಳುವುದು. ರಸ್ತೆಗೆ ಬಂದರೆ ದಾವಣಗೆರೆ ಬಸ್ಸು ಸಿಗುತ್ತದೆ, ಅಲ್ಲಿಂದ ಎಲ್ಲಿಗಾದರೂ ರೈಲು. ಠಾಣೆಯಲ್ಲಿ ಹೇಳಬೇಕಾದ ಸುಳ್ಳನ್ನು ನಡೆಯುತ್ತಲೇ ಜೋಡಿಸಿಕೊಂಡೆ: ನಾನು ಹೋಗುವಷ್ಟರಲ್ಲಿ ಪಂಪ್‌ಸೆಟ್ ಮನೆ ಖಾಲಿಯಾಗಿತ್ತು, ನನಗೇನೂ ಗೊತ್ತಿಲ್ಲ. ಸುಳ್ಳು ಹೇಳಿ ನನಗೆ ರೂಢಿಯಿಲ್ಲ, ಬೈದೇ ರೂಢಿ. ಅದಕ್ಕೇ ಎರಡೆರಡು ಸಲ ಬಾಯಿಬಿಟ್ಟು ಹೇಳಿ ನೋಡಿಕೊಂಡೆ.

ವಿಷಯ ಹೇಳಿದ ಕೂಡಲೇ ಅವಳು ಗಂಟು ಕಟ್ಟಲು ಶುರು ಮಾಡಿದಳು. ಅವನು ಒಂದೇ ಮಾತು ಕೇಳಿದ: ನಾವು ಓಡಿಹೋದರೆ ನಿಮ್ಮನ್ನು ಏನು ಮಾಡುತ್ತಾರೆ? ಏನೂ ಮಾಡುವುದಿಲ್ಲ, ಕೂಗಾಡುತ್ತಾರೆ, ಅವರಿಗಿಂತ ಜೋರಾಗಿ ನಾನು ಕೂಗಾಡುತ್ತೇನೆ ಎಂದೆ. ಅವನು ನಂಬಲಿಲ್ಲ. ಹೊರಗೆ ಹೋಗಿ ತೊಟ್ಟಿಯ ನೀರಿನಲ್ಲಿ ಕೈಕಾಲು ಮುಖ ತೊಳೆದುಕೊಂಡ. ಒಗೆದು ಇಟ್ಟಿದ್ದ ಅಂಗಿ ಹಾಕಿಕೊಂಡು ಬಂದು ನನ್ನ ಎದುರು ನಿಂತ.

“ಅಕ್ಕ, ನೀವು ಸಹಿ ಮಾಡೀರಿ. ನಡೀರಿ, ಹೋಗೋಣು.”

ಆಗ ನಾನು ಅವನಿಗೆ ಬೈದಷ್ಟು ಯಾರಿಗೂ ಬೈದಿಲ್ಲ. ನಿನಗೆ ತಲೆ ಕೆಟ್ಟಿದೆ, ಕಟ್ಟಿಕೊಂಡವಳ ಮುಖವಾದರೂ ನೋಡು, ನನ್ನ ಸಹಿ ಏನು ಆಕಾಶದಿಂದ ಇಳಿದು ಬಂದಿದೆಯೇ ಎಂದೆ. ಬೈಯುತ್ತಾ ಬೈಯುತ್ತಾ ನನಗೆ ಅಳು ಬಂತು. ಅವಳೂ ಅವನಿಗೆ ಅವರ ಮಾತಿನಲ್ಲಿ ಬಾಯಿಗೆ ಬಂದಂತೆ ಅಂದಳು, ಬೆನ್ನಿಗೆ ಗುದ್ದಿದಳು. ಅವನು ತಲೆ ತಗ್ಗಿಸಿ ಎಲ್ಲವನ್ನೂ ಹಾಕಿಸಿಕೊಂಡ, ಆದರೆ ಬಾಗಿಲಿನಿಂದ ಕದಲಲಿಲ್ಲ. ಕೊನೆಗೆ ಅವಳು ಸುಸ್ತಾಗಿ ಕಣ್ಣೊರೆಸಿಕೊಂಡು, ಅದೇ ಗಂಟನ್ನು ಎತ್ತಿ ಕಂಕುಳಿಗೆ ಇಟ್ಟುಕೊಂಡಳು. ನೀನಾದರೂ ಹೋಗು ಎಂದೆ. ಅವನನ್ನು ಒಬ್ಬನನ್ನೇ ಆ ಕಡೆ ಬಿಟ್ಟರೆ ನಾನು ಎಲ್ಲಿ ಅಂತ ಹುಡುಕಲಿ ಎಂದಳು. ಮೋಡ ಕವಿಯುತ್ತಿತ್ತು. ಹೊರಡುವ ಮುಂಚೆ ಇಬ್ಬರೂ ಸೇರಿ ಈರುಳ್ಳಿ ರಾಶಿಯ ಮೇಲೆ ತಾಡಪಾಲು ಎಳೆದು, ನಾಲ್ಕೂ ಮೂಲೆಗೆ ಕಲ್ಲು ಇಟ್ಟರು.

ಬಸ್ಸು ಅರ್ಧ ಖಾಲಿಯಿತ್ತು. ನಾನೂ ಅವಳೂ ಒಂದು ಸೀಟಿನಲ್ಲಿ ಕೂತೆವು, ಅವನು ನಮ್ಮ ಮುಂದಿನ ಸೀಟಿನಲ್ಲಿ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ, ಈ ರಾಜ್ಯದ ಕಾರ್ಡು ತೋರಿಸಿದರೆ ಆಯಿತು. ನಾನು ತೋರಿಸಿದೆ. ಅವಳು ಯಾವಾಗಲೂ ದುಡ್ಡು ಕೊಟ್ಟೇ ಹೋಗುವವಳು, ಸೆರಗಿನ ಗಂಟು ಬಿಚ್ಚತೊಡಗಿದಳು. ಕಂಡಕ್ಟರ್ ಅತ್ತು ಕೆಂಪಾಗಿದ್ದ ನಮ್ಮಿಬ್ಬರ ಮುಖಗಳನ್ನು ನೋಡಿ, ಮಗಳನ್ನು ಗಂಡನ ಮನೆಗೆ ಕಳಿಸುತ್ತಿದ್ದೀರೇನು ಎಂದು ಮೆತ್ತಗೆ ಕೇಳಿದ. ಹೂಂ ಎಂದೆ. ಅವನು ಕಾರ್ಡು ಕೇಳದೆ ಅವಳಿಗೂ ನನ್ನಂಥದೇ ಪುಕ್ಕಟೆ ಟಿಕೆಟ್ ಕೊಟ್ಟು ಮುಂದೆ ಹೋದ. ಅವಳು ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, ಮುಂದೆ ಬಾಗಿ ಗಂಡನ ಕೈಗೆ ಕೊಟ್ಟಳು. ಅವನು ಅದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ. ಠಾಣೆಯ ಹತ್ತಿರ ಇಳಿಯುವವರು ಯಾರಿದ್ದೀರಿ ಎಂದು ಕಂಡಕ್ಟರ್ ಕೂಗಿದಾಗ ನನಗೆ ಏಳಲಾಗಲಿಲ್ಲ. ಮುಂದಿನ ಸೀಟಿನಿಂದ ಅವನೇ ಮೊದಲು ಎದ್ದು, ನಾನು ಇಳಿಯಲೆಂದು ಕೈ ಚಾಚಿದ.