ಅಕ್ಕನನ್ನು ಕೇಳದ ಪ್ರಶ್ನೆ

ಮೂಗಿನೊಳಗೆ ದುರ್ಬೀನು ಇಳಿಸಿ ಸೈನಸ್ ಆಪರೇಷನ್ ಮಾಡುವ ನನ್ನಂಥವರಿಗೆ ರಕ್ತವೇ ದೊಡ್ಡ ಶತ್ರು. ಒಂದೆರಡು ಹನಿ ಸಾಕು, ಎದುರಿನ ಟಿ.ವಿ. ಪರದೆ ಪೂರ್ತಿ ಕೆಂಪಾಗುತ್ತದೆ. ಪಕ್ಕದಲ್ಲಿ ಕಣ್ಣು, ಮೇಲೆ ಮಿದುಳು. ಕಾಣದೆ ಕೈ ಆಡಿಸುವಂತಿಲ್ಲ. ಅದಕ್ಕೇ ಬೈಲಹೊಂಗಲದಲ್ಲಿ ನನ್ನ ಬಳಿ ಬರುವ ಪ್ರತಿಯೊಬ್ಬರನ್ನೂ "ರಕ್ತ ತೆಳು ಮಾಡೂ ಗುಳಗಿ ತಗೋತೀರೇನ್ರಿ?" ಎಂದು ಮೂರು ಮೂರು ಸಲ ಕೇಳುತ್ತೇನೆ. ನೆಟ್ಟಗೆ ಉತ್ತರ ಕೊಡದವರನ್ನು ಗದರಿಸಿದ್ದೂ ಉಂಟು.

ದೊಡವಾಡದ ನನ್ನ ಅಕ್ಕನನ್ನು ಮಾತ್ರ ಕೇಳಲಿಲ್ಲ.

ಮೂಗಿನಲ್ಲಿ ದುರ್ಮಾಂಸ ಬೆಳೆದು ಅವಳಿಗೆ ಎರಡು ವರ್ಷದಿಂದ ವಾಸನೆಯೇ ತಿಳಿಯುತ್ತಿರಲಿಲ್ಲ. ಒಮ್ಮೆ ಹಳಸಿದ ಸಾರನ್ನು ಗೊತ್ತಾಗದೆ ಮೊಮ್ಮಗಳಿಗೆ ಉಣಿಸಿದಳು. ಮಗು ಎರಡು ದಿನ ವಾಂತಿ ಮಾಡಿತು. ಅಂದಿನಿಂದ ಸೊಸೆ ಅವಳನ್ನು ಒಲೆಯ ಹತ್ತಿರ ಬಿಡಲಿಲ್ಲ. ಬೈಯಲಿಲ್ಲ, ಪಾಪ, "ನೀವ್ ಸುಮ್ನ ಕುಂದರ್ರಿ, ಅತ್ತಿ" ಅಂದಳಷ್ಟೆ. ಮನೆಗೆ ಬಂದವರನ್ನು ಉಣ್ಣದೆ ಕಳಿಸದ ಹೆಂಗಸು ಪಡಸಾಲೆಯಲ್ಲಿ ಕೈಕಟ್ಟಿ ಕೂತಳು. "ವಾಸನಿ ಒಂದು ಬರೂಹಂಗ ಮಾಡವ್ವಾ, ನನ್ನ ಅಡಗಿಮನಿ ನನಗ ಸಿಗತೈತಿ," ಎಂದು ನನ್ನ ಕೈ ಹಿಡಿದಳು.

ಆಪರೇಷನ್ ದಿನ ಅರಿವಳಿಕೆಯ ಡಾಕ್ಟರು ಔಷಧಿಗಳ ಬಗ್ಗೆ ಅವಳನ್ನು ಕೇಳಿದಾಗ ನಾನೇ, "ಏನೂ ಇಲ್ರಿ, ನಮ್ಮಕ್ಕ ಗಟ್ಟಿ ಆಳು," ಅಂದೆ. ತಂಗಿಯ ಸಲಿಗೆಯೋ ಡಾಕ್ಟರಿಕೆಯ ಸೊಕ್ಕೋ, ಬಾಯಿ ನನ್ನದೇ ಮುಂದಾಗಿತ್ತು. ಅಕ್ಕ ನಕ್ಕಳು.

ಅರ್ಧ ತಾಸಿನಲ್ಲೇ ಎಲ್ಲ ಕಡೆಯಿಂದ ರಕ್ತ ಜಿನುಗತೊಡಗಿತು. ತಲೆಯ ಕಡೆ ಮಂಚ ಎತ್ತರಿಸಿದೆವು. ಅಡ್ರಿನಲಿನ್‌ನಲ್ಲಿ ನೆನೆಸಿದ ಹತ್ತಿಯ ಪಟ್ಟಿ ಇಟ್ಟು, ರಕ್ತನಾಳಗಳು ಬಿಗಿಯಲೆಂದು ಗಡಿಯಾರ ನೋಡುತ್ತ ಕಾದೆ. ಅರಿವಳಿಕೆಯವರು ಔಷಧಿ ಕೊಟ್ಟು ನಾಡಿಬಡಿತ ಇಳಿಸಿದರು. ಬೆಚ್ಚಗಿನ ಸಲೈನಿನಿಂದ ತೊಳೆದೆ. ಪಟ್ಟಿ ತೆಗೆದರೆ ಮತ್ತೆ ಕೆಂಪು. ವಾಸನೆಯ ನರಗಳಿರುವ ಮೇಲಿನ ಸಂದಿ ಇನ್ನೂ ಮುಚ್ಚಿಯೇ ಇತ್ತು. "ಮೇಡಂ, ಸಾಕು ಮಾಡ್ರಿ," ಎಂದರು ಅರಿವಳಿಕೆಯವರು. ಬೇರೆ ಯಾರೋ ಆಗಿದ್ದರೆ ನಾನೇ ಮೊದಲು ಹೇಳುತ್ತಿದ್ದೆ. ಅಕ್ಕನೆಂದು ಇನ್ನೊಂದು ಸಲ ನೋಡಿದೆ, ಏನೂ ಕಾಣಲಿಲ್ಲ. ಮೂಗಿಗೆ ಪಟ್ಟಿ ತುಂಬಿ ನಿಲ್ಲಿಸಿಬಿಟ್ಟೆ.

ಮರುದಿನ ಕೇಳಿದೆ. ಎದೆನೋವು ಬಂದು ಧಾರವಾಡಕ್ಕೆ ಹೋಗಿದ್ದಳಂತೆ. ನಾಲ್ಕು ತಿಂಗಳಿಂದ ರಕ್ತ ತೆಳುವಾಗಿಸುವ ಎರಡು ಗುಳಿಗೆ ನುಂಗುತ್ತಿದ್ದಳು.

"ಹೇಳಾಕ ಏನಾಗಿತ್ತು ನಿನಗ?" ಎಂದು ರೇಗಿದೆ.

"ಧಾರವಾಡದ ಡಾಕ್ಟ್ರು ನಿನಗ ಹೇಳಿರ್ತಾರ ಅಂತ ತಿಳಕೊಂಡಿದ್ನೆವ್ವಾ. ನೀವೆಲ್ಲಾ ಒಂದ ಅಲ್ಲೇನು? ನೀ ಕೇಳಿದ್ರ ಹೇಳತಿದ್ನಿ."

ಕೈತೊಳೆಯುವ ಕೋಣೆಯಲ್ಲಿ ನಿಂತು ಅತ್ತುಬಿಟ್ಟೆ. ಹೃದಯದ ವೈದ್ಯರು ಗುಳಿಗೆ ನಿಲ್ಲಿಸಲು ಒಪ್ಪಲಿಲ್ಲ. ಎರಡನೇ ಆಪರೇಷನ್ನಿನ ಮಾತು ಅಲ್ಲಿಗೇ ಮುಗಿಯಿತು.

ಕಳೆದ ತಿಂಗಳು ದೊಡವಾಡಕ್ಕೆ ಹೋಗಿದ್ದೆ. ಸೊಸೆ ಸವದತ್ತಿಗೆ ಹೋಗಿದ್ದಳು. "ಈಗೀಗ ಸ್ವಲ್ಪ ವಾಸನಿ ಬರಾಕ ಹತ್ತೈತಿ, ನೀ ಮನಸಿಗೆ ಹಚ್ಚಿಕೋಬ್ಯಾಡ," ಎನ್ನುತ್ತ ಅಕ್ಕ ತಾನೇ ಗ್ಯಾಸ್ ಹೊತ್ತಿಸಿ ಚಹಾ ಮಾಡಿದಳು. ಅವಳು ಅಡುಗೆಮನೆಯ ಬಾಗಿಲು ದಾಟುವ ಮೊದಲೇ ತಳ ಹಿಡಿದು ಸೀದ ಹಾಲಿನ ನಾತ ನನ್ನ ಮೂಗಿಗೆ ಬಡಿಯಿತು. ಕಪ್ಪು ಕೊಟ್ಟು ಎದುರಿಗೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೆಂಗ ಆಗೈತಿ?"

"ಭಾಳ ಛಲೋ ಆಗೈತಕ್ಕಾ," ಎಂದು ಪೂರ್ತಿ ಕುಡಿದೆ.

ಅವಳ ಮುಖ ಅರಳಿತು. "ಇನ್ನೊಂದೀಟು ಹಾಕ್ಲೇನ?"

ಕಪ್ಪು ಮುಂದೆ ಹಿಡಿದೆ.